ಎಡ ಬಟ್ಟಲಿನ ದೂರು

ರೂಸೆ
14 ಜನವರಿ 2019

ವೆಲ್ಕೊ,

ಡಬ್ಬ ಕೈಗೆ ಬಂದ ಕೂಡಲೇ ತಿರುಪುಳಿ ಹಿಡಿದು ಕೂರಬೇಡ. ನಮ್ಮ ಪದ್ಧತಿ ನೆನಪಿರಲಿ: ಮೊದಲು ಕೇಳು, ಆಮೇಲೆ ಬಿಚ್ಚು. ಒಳಗೆ ಏನು ಮಾಡಿದ್ದೇನೆಂದು ನಾನು ಬರೆಯುವುದಿಲ್ಲ. ಒಂದು ವಾರ ಕೇಳಿ, ಕೇಳಿಸಿದ್ದನ್ನು ಕಾಗದದ ಮೇಲೆ ಹಾಕಿ, ಆಮೇಲೆ ಹೆಡ್‌ಫೋನಿನ ಕಿವಿಬಟ್ಟಲು ಬಿಚ್ಚಿ ನೋಡು. ಹೋದ ಸಲ ನೀನು ಮೊದಲೇ ಇಣುಕಿದ್ದು ನನಗೆ ಗೊತ್ತಾಗಲಿಲ್ಲ ಅಂದುಕೊಂಡಿದ್ದೀಯ, ಕಳ್ಳ.

ಸಂತೆಯಲ್ಲಿ ತೆಗೆದುಕೊಂಡ ಈ ಅಗ್ಗದ ಹೆಡ್‌ಫೋನು ನಾವಿಬ್ಬರೂ ಸೇರಿ ತಿದ್ದುವ ಆರನೆಯದು. ಬೆನ್ನು ಮುಚ್ಚಿದ ಹೆಡ್‌ಫೋನುಗಳ ಸಹವಾಸವೇ ಬೇಡ, ಡಬ್ಬದೊಳಗೆ ತಲೆ ಇಟ್ಟ ಹಾಗಿರುತ್ತದೆ ಎಂದು ಆ ಇಂಟರ್ನೆಟ್ ಕಟ್ಟೆಯ ಪಂಡಿತರು ಹೇಳಿಕೊಂಡಿರಲಿ. ನಾವು ಪರಿಚಯವಾಗಿದ್ದೇ ಅಲ್ಲಿ, ಅವರ ವಿರುದ್ಧ ಒಂದಾಗಿ ಜಗಳವಾಡಿ. ಇದು ಚೆನ್ನಾಗಿ ಬಂದಿದೆ ಎಂದು ನನಗನ್ನಿಸುತ್ತದೆ. ಎಂದಿನ ಹಾಡನ್ನೇ ಹಾಕಿ ಕೇಳು, ನಿಮ್ಮ ರಜ್ಲೊಗ್ ಕಡೆಯ ಆ ಅಕ್ಕತಂಗಿಯರದ್ದು. ಎಡಕ್ಕೆ ಅಕ್ಕ, ಬಲಕ್ಕೆ ತಂಗಿ. ಅಕ್ಕ ಒಂದೇ ಸ್ವರ ಹಿಡಿದು ಗೋಡೆಯಂತೆ ನಿಲ್ಲುತ್ತಾಳೆ, ತಂಗಿ ಆ ಗೋಡೆಗೆ ಒರಗಿ ಹಾಡುತ್ತಾಳೆ. ಇಬ್ಬರೂ ಸಮವಾಗಿ ಕೇಳಿಸಬೇಕು. ನಾನು ರೇಡಿಯೋ ಕೇಂದ್ರಕ್ಕೆ ಹೊಸದಾಗಿ ಸೇರಿದಾಗ ನಾನೇ ಇಬ್ಬರ ಮುಂದೂ ಒಂದೊಂದು ಮೈಕ್ ಇಟ್ಟಿದ್ದೆ, ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತು ನಡೆಯಬೇಕು.

ಸಂತೆಯಲ್ಲಿ ಇದರ ಜೊತೆಗೇ ಕೊಂಡ, ನಾವಿನ್ನೂ ಮುಟ್ಟದ ಜೋಡಿ ನಿನ್ನ ಹತ್ತಿರವೇ ಇದೆಯಲ್ಲ, ಅದರ ಪಕ್ಕದಲ್ಲಿಟ್ಟು ಹೋಲಿಸು.

ಇನ್ನೊಂದು ಮಾತು. ಧ್ವನಿಯ ವಿಚಾರ ಫೋನಿನಲ್ಲಿ ಆಡಬಾರದು, ಬರೆದೇ ತಿಳಿಸಬೇಕು ಎಂದು ಹೇಳಿದವಳು ನಾನೇ. ಹೊಸ ವರ್ಷಕ್ಕೆ ಒಳ್ಳೆಯದಾಗಲಿ ಎಂದು ಹೇಳಲು ಫೋನ್ ಮಾಡಿದರೂ ಎತ್ತಬಾರದು ಎಂದು ಮಾತ್ರ ಹೇಳಿರಲಿಲ್ಲ. ನಿನ್ನ ಮನೆಯಾಕೆ ಸೆವ್ದಾಗೆ ನನ್ನ ನೆನಪು ಹೇಳು.

ದೊನ್ಕಾ

*

ರಜ್ಲೊಗ್
30 ಜನವರಿ

ದೊನ್ಕಕ್ಕಾ,

ಪದ್ಧತಿ ಪ್ರಕಾರ ಒಂದು ವಾರ ಕೇಳಿಯೇ ಬರೆಯುತ್ತಿದ್ದೇನೆ. ನಂಬುವುದಿದ್ದರೆ ನಂಬಿ.

ಬಲ ಬಟ್ಟಲು ಬೆಣ್ಣೆ. ತಂಗಿ ನನ್ನ ಪಕ್ಕದಲ್ಲೇ ಕೂತು ಬೀನ್ಸ್ ಸಾರು ಬಡಿಸುತ್ತಾ ಹಾಡಿದ ಹಾಗಿದೆ. ಆದರೆ ಎಡ ಬಟ್ಟಲು ಮಂಕು, ಅಕ್ಕಾ. ಅಲ್ಲಿ ನಿಂತ ಆ ಹಾಡಿನ ಅಕ್ಕ ಬಾಗಿಲ ಆಚೆ ಹೋಗಿಬಿಟ್ಟಿದ್ದಾಳೆ. ಆಮೇಲೆ ಬಿಚ್ಚಿ ನೋಡಿದೆ. ಎರಡೂ ಬಟ್ಟಲಿನ ಗೋಡೆಗೆ ಮಕ್ಕಳ ಆಟದ ಜೇಡಿಮಣ್ಣು ಮೆತ್ತಿ, ಮಧ್ಯೆ ಹತ್ತಿ ತುಂಬಿದ್ದೀರಿ. ಎಡಕ್ಕೆ ಹತ್ತಿ ಜಾಸ್ತಿಯಾಗಿದೆ ಎಂದು ನನ್ನ ಅಂದಾಜು. ಅದನ್ನು ಅರ್ಧ ತೆಗೆದಿದ್ದೇನೆ. ನೀವೂ ಒಮ್ಮೆ ಕೇಳಿ ನೋಡಿ.

ಫೋನ್ ವಿಚಾರಕ್ಕೆ ಬೈಯಬೇಡಿ. ಹೊಸ ವರ್ಷದ ಹೊತ್ತಿಗೆ ಜ್ವರ, ನೆಗಡಿ, ಎಲ್ಲ ಸೇರಿ ಮಲಗಿಸಿಬಿಟ್ಟಿದ್ದವು. ಈಗ ಆರಾಮ. ಬೆಟ್ಟದ ಮೇಲೆ ಮೊಣಕಾಲುದ್ದ ಹಿಮ. ನಮ್ಮ ಪುಟ್ಟ ರೈಲು ಏದುಸಿರು ಬಿಡುತ್ತಾ ಹತ್ತುತ್ತದೆ, ನಾನು ಅದಕ್ಕೆ ‘ಹತ್ತು ಮುದುಕಿ, ಹತ್ತು’ ಎನ್ನುತ್ತಾ ಕೂತಿರುತ್ತೇನೆ. ಏಪ್ರಿಲ್‌ನಲ್ಲಿ ನಮ್ಮ ಚಾಲಕರ ವರ್ಷದ ತಪಾಸಣೆ ಇದೆ. ಕಣ್ಣು, ಕಿವಿ, ರಕ್ತದೊತ್ತಡ, ಹಲ್ಲು ಎಣಿಸುವುದೊಂದು ಬಾಕಿ. ಅದರಲ್ಲಿ ದಾಟಿದರೆ ಇನ್ನೊಂದು ವರ್ಷ ಎಂಜಿನ್ ನನ್ನದು. ದಾಟದೆ ಏನು ಮಾಡುತ್ತೇನೆ, ಆ ಮುದುಕಿಯನ್ನು ಬಿಟ್ಟರೆ ನನಗೆ ಬೇರೆ ಏನು ಬರುತ್ತದೆ?

ನಿಮ್ಮ
ವೆಲ್ಕೊ

*

ರೂಸೆ
12 ಫೆಬ್ರವರಿ

ವೆಲ್ಕೊ,

ಕೇಳಿದೆ. ಮತ್ತೆ ಮತ್ತೆ ಕೇಳಿದೆ. ನೀನು ಹತ್ತಿ ತೆಗೆದ ಮೇಲೆ ಎಡಗಡೆ ನನಗೆ ಚೂಪಾಗಿ ಕೇಳಿಸುತ್ತಿದೆ. ಅಕ್ಕ ನನ್ನ ಮೇಲೆ ಸಿಟ್ಟಾದ ಹಾಗೆ. ನೀನು ಅರ್ಧ ತೆಗೆದೆಯೋ, ಪೂರ್ತಿ ಬೋಳಿಸಿದೆಯೋ?

ಆದರೆ ನಮ್ಮ ಇನ್ನೊಂದು ಪದ್ಧತಿಯೂ ಇದೆ: ಕೊರತೆ ಕೇಳಿಸಿದವನ ಮಾತೇ ಕೊನೆ. ಒಬ್ಬನಿಗೆ ಕೊರತೆ ಕೇಳಿಸಿ ಇನ್ನೊಬ್ಬನಿಗೆ ಕೇಳಿಸದಿದ್ದರೆ, ಕೇಳಿಸದವನ ಕಿವಿಯೇ ಮಂದ. ನಾಲ್ಕನೆಯ ಹೆಡ್‌ಫೋನಿನಲ್ಲಿ ಆ ಸಣ್ಣ ಗುಂಯ್ ಸದ್ದು ನನಗೆ ಕೇಳಿಸಿ ನಿನಗೆ ಕೇಳಿಸದಿದ್ದಾಗ ಒಂದು ತಿಂಗಳು ನಿನ್ನನ್ನು ಆಡಿಕೊಂಡಿದ್ದೆ. ಈಗ ನನ್ನ ಸರದಿ ಬಂದಿರಬೇಕು. ಮಂಕು ಎಂದು ನೀನು ಹೇಳಿದ ಮೇಲೆ ಮಂಕೇ ಇದ್ದೀತು.

ಹಾಗೆಂದು ಬರೆದೆನಾದರೂ ಮನಸ್ಸಿಗೆ ಸಮಾಧಾನವಿಲ್ಲ. ಇಲ್ಲಿನ ಓದುಮನೆ ಸಂಘದವರು ಸ್ವಚ್ಛ ಮಾಡಲು ಕೊಟ್ಟ, ಹಳ್ಳಿ ಮುದುಕಿಯರು ಹಾಡಿದ ಹಳೆಯ ಟೇಪುಗಳ ಪೆಟ್ಟಿಗೆ ಇನ್ನೂ ಅರ್ಧಕ್ಕೇ ನಿಂತಿದೆ. ಆ ಮುದುಕಿಯರ ಹಾಡುಗಳ ಮೇಲಿನ ಕರಕರ ಸದ್ದನ್ನು ನಾನು ಕಿವಿಯಿಂದಲೇ ಹೆಕ್ಕಿ ತೆಗೆಯುವವಳು. ಯಾವುದು ಧೂಳು, ಯಾವುದು ಮುದುಕಿ ಉಸಿರೆಳೆದುಕೊಂಡದ್ದು ಎಂದು ಗೊತ್ತಾಗದಿದ್ದರೆ ಆ ಕೆಲಸಕ್ಕೆ ಕೈ ಹಾಕಲೇಬಾರದು.

ಎಡಕ್ಕೆ ಹತ್ತಿ ಸೇರಿಸಿಲ್ಲ. ಹಾಗೇ ಕಳಿಸುತ್ತಿದ್ದೇನೆ. ಸರಿಯಾಗಿ ಕೇಳಿ ಹೇಳು.

ದೊನ್ಕಾ

*

ರಜ್ಲೊಗ್
27 ಫೆಬ್ರವರಿ

ದೊನ್ಕಕ್ಕಾ,

ಡಬ್ಬದ ಮೇಲ್ಗಡೆ ಇಟ್ಟಿರುವ ಕೆಂಪುಬಿಳಿ ದಾರ ನಿಮಗೆ, ಸೆವ್ದಾ ಹೆಣೆದದ್ದು. ಮಾರ್ಚ್ ಒಂದಕ್ಕೇ ಕಟ್ಟಿಕೊಳ್ಳಬೇಕಂತೆ, ಕೊಕ್ಕರೆ ಕಾಣುವವರೆಗೆ ಬಿಚ್ಚಬಾರದಂತೆ. ನಿಮಗೆ ಇದೆಲ್ಲ ಗೊತ್ತಿಲ್ಲದ ಹಾಗೆ ಎರಡೆರಡು ಸಲ ಹೇಳಿ ಬರೆಸಿದ್ದಾಳೆ.

ಈಗ ನಮ್ಮ ರೋಗಿಯ ವಿಚಾರ. ಎಡ ಬಟ್ಟಲು ಇನ್ನೂ ಮಂಕೇ. ಅದಕ್ಕೆ ಒಂದು ತೀರ್ಮಾನ ಮಾಡಿದೆ. ಉಳಿದ ಹತ್ತಿಯನ್ನೂ ತೆಗೆದೆ, ಸ್ಪೀಕರಿನ ಮುಂದಿದ್ದ ತೆಳು ಬಟ್ಟೆ ಕಿತ್ತೆ, ಬಟ್ಟಲಿನ ಬೆನ್ನಿಗೆ ಸಣ್ಣ ತೂತು ಕೊರೆದೆ, ಕಿವಿಯ ಮೆತ್ತೆಯನ್ನೂ ತೆಳ್ಳಗಿನದಕ್ಕೆ ಬದಲಾಯಿಸಿದೆ. ಬಲಕ್ಕೆ ಕೈ ಹಚ್ಚಿಲ್ಲ. ಈಗ ಅಕ್ಕತಂಗಿಯರು ಸಮ, ಹೆಚ್ಚು ಕಡಿಮೆ ಸಮ. ನನಗೆ ಹಾಯೆನಿಸಿತು.

ಮುಟ್ಟದ ಜೋಡಿಯನ್ನೂ ಹಾಕಿ ಕೇಳಿದೆ. ಅದರಲ್ಲೂ ಎಡ ಮಂಕು. ನೋಡಿದಿರಾ? ಕಾರ್ಖಾನೆಯಲ್ಲೇ ಹೀಗೆ ಮಾಡಿ ಕಳಿಸಿದ್ದಾರೆ. ಸಂತೆಯ ಮಾಲು, ಇನ್ನೇನು.

ಮನೆಯಲ್ಲಿ ಎಲ್ಲ ಚೆನ್ನಾಗಿದ್ದೇವೆ. ನಿನ್ನೆ ಊಟಕ್ಕೆ ಕೂತಾಗ ಸೆವ್ದಾ ಗಲಾಟೆ ಎಬ್ಬಿಸಿದಳು. ‘ಉಪ್ಪು ಕೊಡು, ಉಪ್ಪು ಕೊಡು ಅಂತ ಆಗ್ಲಿಂದ ಬಡ್ಕೋತಿದೀನಿ, ಕಲ್ಲುಕಂಬದ್ ಥರ ಕೂತಿದೀಯಲ್ಲ! ಆ ರೈಲು ಮುದುಕಿ ಕೂಗಿದ್ರೆ ಮಾತ್ರ ಕೇಳಿಸುತ್ತೇನೋ ನಿಂಗೆ?’ ಎಂದಳು. ‘ಮದುವೆಯಾಗಿ ಇಷ್ಟು ವರ್ಷ ಆದ್ಮೇಲೆ ಗಂಡಂದಿರ ಕಿವಿ ಹೀಗೇ ಕಣೇ’ ಎಂದೆ. ನಕ್ಕುಬಿಟ್ಟಳು.

ವೆಲ್ಕೊ

*

ರೂಸೆ
11 ಮಾರ್ಚ್

ವೆಲ್ಕೊ,

ಈ ಕಾಗದವನ್ನು ಎರಡು ಸಲ ಹರಿದು ಹಾಕಿ ಬರೆಯುತ್ತಿದ್ದೇನೆ.

ನೀನು ಸಮ ಎಂದ ಹೆಡ್‌ಫೋನನ್ನು ಹಾಕಿಕೊಂಡೆ. ಎಡಗಡೆಯಿಂದ ಸೀಟಿ ಊದಿದ ಹಾಗೆ ಬಂತು. ಅಕ್ಕ ಕಿರುಚುತ್ತಿದ್ದಾಳೆ, ತಂಗಿ ಎಲ್ಲೋ ಮೂಲೆಯಲ್ಲಿ ಮಣಮಣ ಎನ್ನುತ್ತಿದ್ದಾಳೆ. ತೆಗೆದಿಟ್ಟೆ. ಮುಖ ತೊಳೆದುಕೊಂಡು ಬಂದು ಮತ್ತೆ ಹಾಕಿಕೊಂಡೆ. ಅದೇ ಕಥೆ.

ನಿನಗೆ ಸಮ, ನನಗೆ ಹೀಗೆ. ಅಂದರೆ ನನ್ನ ಬಲಗಿವಿ ಹೋಗುತ್ತಿದೆ. ನಿಧಾನಕ್ಕೆ ಹೋಗಿದ್ದರಿಂದ ನನಗೇ ತಿಳಿದಿಲ್ಲ. ಇಷ್ಟು ದಿನ ಎಡ ಬಟ್ಟಲು ಚೆನ್ನಾಗಿದೆ ಎಂದು ನಾನು ವಾದಿಸಿದ್ದು ಕಿವುಡಿಯ ವಾದ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ನೀನು ಬರೆಯುತ್ತಿದ್ದೆ, ನಾನು ಕೋಣನ ಹಾಗೆ ತಲೆಯಾಡಿಸುತ್ತಿದ್ದೆ.

ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡರೆ, ಎಡ ಬಟ್ಟಲನ್ನು ಬಲಗಿವಿಗೆ ಇಟ್ಟರೆ, ಕ್ಷಣದಲ್ಲಿ ಖಚಿತವಾಗುತ್ತದೆ. ರೇಡಿಯೋಗೆ ಬರುವ ಹೊಸಬರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದು. ಸದ್ದು ಜಾಗ ಬದಲಾಯಿಸಿದರೆ ತಪ್ಪು ಹೆಡ್‌ಫೋನಿನದು, ಅಲ್ಲೇ ಉಳಿದರೆ ತಪ್ಪು ಕಿವಿಯದು. ಕೈ ಎರಡು ಸಲ ಹೋಯಿತು. ಆಗಲಿಲ್ಲ ವೆಲ್ಕೊ. ಗೊತ್ತಾಗಿಬಿಟ್ಟರೆ ಆಮೇಲೆ ಗೊತ್ತಿಲ್ಲದ ಹಾಗೆ ಇರಲು ಆಗುವುದಿಲ್ಲವಲ್ಲ.

ಓದುಮನೆಯ ಕಾರ್ಯದರ್ಶಿಯ ಹತ್ತಿರ ಹೋಗಿ, ಪೆಟ್ಟಿಗೆ ಒಪ್ಪಿಸಿ, ಇದನ್ನು ಬೇರೆಯವರಿಗೆ ಕೊಡಿ ಎಂದು ಹೇಳಿ ಬಂದೆ. ‘ಯಾಕೆ ದೊನ್ಕಾ, ನಿಮ್ಮಂಥ ಕಿವಿ ಈ ಊರಲ್ಲಿ ಯಾರಿಗಿದೆ?’ ಎಂದಳು ಪಾಪ. ಕಣ್ಣು ನೋಯುತ್ತದೆ ಎಂದು ಸುಳ್ಳು ಹೇಳಿದೆ. ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅತ್ತೆ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಕೈತೋಟವೂ ಇಲ್ಲ. ಇದ್ದದ್ದು ಇದೊಂದು ಕಿವಿಯ ಜಂಬ.

ಬೇರೆ ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತಿದ್ದೇನೆ.

ದೊನ್ಕಾ

*

ರಜ್ಲೊಗ್
15 ಮಾರ್ಚ್

ದೊನ್ಕಕ್ಕಾ,

ಕಾಗದ ಸಿಕ್ಕಿದ ದಿನವೇ ಬರೆಯುತ್ತಿದ್ದೇನೆ. ನೀವು ಇಷ್ಟೊಂದು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ವಯಸ್ಸು ಯಾರನ್ನು ಬಿಟ್ಟಿದೆ? ಅರವತ್ತು ದಾಟಿದ ಮೇಲೆ ಕಿವಿ ಸ್ವಲ್ಪ ಹಿಂದೆ ಬೀಳುವುದು ಇರುವುದೇ. ನೀವು ಕೇಳಿದಷ್ಟನ್ನು ಇನ್ನೊಬ್ಬರು ಎರಡು ಜನ್ಮದಲ್ಲೂ ಕೇಳಿರಲಿಕ್ಕಿಲ್ಲ. ವೈದ್ಯರು, ಗಿದ್ಯರು ಎಂದು ಸುಮ್ಮನೆ ಅಲೆಯಬೇಡಿ, ಅವರು ಏನಾದರೂ ಒಂದು ಹೆಸರಿಟ್ಟು ಹೆದರಿಸುತ್ತಾರೆ. ತಿರುಗಿಸಿ ನೋಡುವುದೂ ಬೇಡ. ಯಾಕೆ ಬೇಕು?

ಟೇಪಿನ ಕೆಲಸ ನಿಲ್ಲಿಸಬೇಕಾಗಿಲ್ಲ. ನೀವು ಮಾಡಿದ್ದನ್ನು ನನಗೆ ಕಳಿಸಿ. ನಾನು ಕೇಳಿ ಎಲ್ಲಿ ಧೂಳು, ಎಲ್ಲಿ ಉಸಿರು ಎಂದು ಗುರುತು ಹಾಕುತ್ತೇನೆ. ಇನ್ನು ಮೇಲೆ ನನ್ನ ಕಿವಿ ನಿಮ್ಮದೇ ಎಂದುಕೊಳ್ಳಿ.

ನಗಿಸಲು ಒಂದು ಸಂಗತಿ ಬರೆಯುತ್ತೇನೆ. ಮೊನ್ನೆ ನಿಲ್ದಾಣದಲ್ಲಿ ಎಂಜಿನ್ನನ್ನು ಹಿಂದಕ್ಕೆ ತಂದು ಬೋಗಿಗೆ ಸೇರಿಸುತ್ತಿದ್ದೆ. ಕೊಂಡಿ ಹಾಕುವ ಬೊಯ್ಚೊ ಎಡಗಡೆ ನಿಂತಿದ್ದ. ಅವನ ಬೂಟು ಹಳಿಯ ಹತ್ತಿರ ಮಂಜುಗಡ್ಡೆಯಲ್ಲಿ ಸಿಕ್ಕಿಕೊಂಡಿತಂತೆ, ‘ನಿಲ್ಸು, ನಿಲ್ಸು’ ಎಂದು ಕೂಗಿದನಂತೆ. ಎಂಜಿನ್ ಸದ್ದಿನಲ್ಲಿ ಯಾರಿಗೆ ಏನು ಕೇಳಿಸುತ್ತದೆ? ಟಿಕೆಟ್ ನೋಡುವ ಹುಡುಗಿ ಬಲಗಡೆಯಿಂದ ಎರಡೂ ಕೈ ಬೀಸುತ್ತಾ ಓಡಿಬಂದದ್ದು ಕಾಣಿಸಿ ಬ್ರೇಕ್ ಹಾಕಿದೆ. ಬೊಯ್ಚೊ ಬಿಳಿಚಿಕೊಂಡು ಬಂದು, ‘ಲೇ ವೆಲ್ಕೊ, ಕಿವಿಗೆ ಹತ್ತಿ ತುರುಕ್ಕೊಂಡಿದೀಯೇನೋ? ಇನ್ನೊಂದು ಗೇಣು ಬಂದಿದ್ರೆ ನನ್ ಹೆಂಡ್ತಿ ಕರಿ ಬಟ್ಟೆ ಹೊಲಿಸ್ಕೋಬೇಕಿತ್ತು!’ ಎಂದ. ಸಂಜೆ ಅವನಿಗೆ ರಾಕಿಯಾ ಸಾರಾಯಿ ಕುಡಿಸಿದೆ. ಎಲ್ಲರೂ ಸೇರಿ ನಕ್ಕಿದ್ದೇ ನಕ್ಕಿದ್ದು. ಅವನು ಬೆಕ್ಕಿನ ಹಾಗೆ ಮೆಲ್ಲಗೆ ಕೂಗುವ ಮನುಷ್ಯ, ಇನ್ನೇನು.

ಧೈರ್ಯವಾಗಿರಿ.

ನಿಮ್ಮ
ವೆಲ್ಕೊ

*

ರೂಸೆ
20 ಮಾರ್ಚ್

ವೆಲ್ಕೊ,

ಇದನ್ನು ಓದುವಾಗ ಕೂತುಕೋ. ಸೆವ್ದಾ ಪಕ್ಕದಲ್ಲಿದ್ದರೆ ಇರಲಿ.

ನಿನ್ನ ಕಾಗದವನ್ನು ಮೊದಲ ಸಲ ಓದಿದಾಗ ನೀನು ಹೇಳಿದ ಹಾಗೆ ನಕ್ಕೆ. ನನಗಾಗಿ ಇಷ್ಟೆಲ್ಲ ಬರೆದಿದ್ದಾನಲ್ಲ ಎಂದು ಕಣ್ಣೂ ತುಂಬಿತು. ಚಹಾಕ್ಕೆ ನೀರಿಟ್ಟು ಎರಡನೆಯ ಸಲ ಓದಿದೆ. ಬೊಯ್ಚೊ ಎಡಗಡೆ ನಿಂತಿದ್ದ. ಆ ಸಾಲಿನ ಮೇಲೆ ಬೆರಳಿಟ್ಟು ಮತ್ತೆ ಓದಿದೆ. ಉಪ್ಪು ಕೇಳುವಾಗ ಸೆವ್ದಾ ನಿನ್ನ ಯಾವ ಕಡೆ ಕೂತಿದ್ದಳು? ಫೋನನ್ನು ನೀನು ಯಾವ ಕಿವಿಗೆ ಇಟ್ಟುಕೊಳ್ಳುವವನು? ಮುಟ್ಟದ ಜೋಡಿಯಲ್ಲೂ ಎಡವೇ ಮಂಕು ಎಂದು ಬರೆದೆ, ನಾನು ಪೆದ್ದಿ ಅದನ್ನೂ ನಂಬಿದೆ. ನೀರು ಕುದ್ದು ಕುದ್ದು ಬತ್ತಿಹೋಯಿತು, ಪಾತ್ರೆ ಸೀದ ಮೇಲೆ ಎದ್ದೆ.

ಎದ್ದವಳೇ ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೆ. ನನ್ನ ಕಿವಿಗೆ ಹೆದರುವುದಕ್ಕಿಂತ ದೊಡ್ಡ ಹೆದರಿಕೆ ಹುಟ್ಟಿತ್ತಲ್ಲ, ಕೈ ತಡೆಯಲಿಲ್ಲ. ಆ ಕಿರುಚಾಟ ಎಡದಿಂದ ಬಲಕ್ಕೆ ಬಂತು. ತಂಗಿ ಮಣಮಣ ಎನ್ನುತ್ತಾ ಎಡಕ್ಕೆ ಹೋದಳು. ಸದ್ದು ಜಾಗ ಬದಲಾಯಿಸಿತು, ವೆಲ್ಕೊ. ನನ್ನ ಎರಡೂ ಕಿವಿ ನೆಟ್ಟಗಿವೆ. ಕೆಟ್ಟಿರುವುದು ಹೆಡ್‌ಫೋನು, ಅದನ್ನು ಕೆಡಿಸಿದವನು ನೀನು. ಅದು ನಿನಗೆ ಸಮವಾಗಿ ಕೇಳಿಸುತ್ತದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವಿಬ್ಬರೂ ಸೇರಿ ಎರಡು ತಿಂಗಳು ನೆಲವನ್ನು ಕೊರೆದಿದ್ದೇವೆ. ಹತ್ತಿ ಕಿತ್ತು, ಬಟ್ಟೆ ಕಿತ್ತು, ತೂತು ಕೊರೆದು ನೀನು ಮಾಡಿದ ಆ ಬಟ್ಟಲು ನಿನ್ನ ಎಡಗಿವಿಯ ಅಚ್ಚು. ಕೊರತೆ ಕೇಳಿಸಿದವನ ಮಾತೇ ಕೊನೆ ಎಂದು ಬೇರೆ ಪದ್ಧತಿ ಮಾಡಿಟ್ಟಿದ್ದೆ. ಬೆಂಕಿ ಬಿತ್ತು ಅಂಥ ಪದ್ಧತಿಗೆ. ಕೇಳಿಸದಿರುವುದನ್ನೇ ಹೆಚ್ಚು ಕೇಳಿಸುವುದು ಎಂದು ಓದಿಕೊಂಡೆವು.

ಡಬ್ಬದಲ್ಲಿ ಹೆಡ್‌ಫೋನು ಇದೆ. ಎಡ ಬಟ್ಟಲಿನ ತೂತಿಗೆ ಮೇಣ ತುಂಬಿ, ಬಟ್ಟೆ ಹಚ್ಚಿ, ಹತ್ತಿ ಇಟ್ಟು, ಜನವರಿಯಲ್ಲಿ ಇದ್ದ ಹಾಗೇ ಮಾಡಿದ್ದೇನೆ. ಈ ಸಲ ಮೊದಲೇ ಹೇಳುತ್ತಿದ್ದೇನೆ, ಮುಚ್ಚುಮರೆ ಸಾಕು. ಅಕ್ಕತಂಗಿಯರ ಹಾಡು ಹಾಕು. ಮೊದಲು ನೇರ ಕೇಳು. ಆಮೇಲೆ ತಿರುಗಿಸಿ ಹಾಕಿಕೋ. ನಾನು ಹಾಕಿಕೊಂಡೆ, ಸಾಯಲಿಲ್ಲ.

ಅಲ್ಲಿಯವರೆಗೆ ಎಂಜಿನ್ ಹತ್ತಬೇಡ. ಕಾಲಿಗೆ ಬೀಳುತ್ತೇನೆ, ಹತ್ತಬೇಡ. ಬೊಯ್ಚೊನ ಹೆಂಡತಿಯ ಮುಖ ನೋಡಿಲ್ಲ ನಾನು, ಆದರೂ ಕಣ್ಣ ಮುಂದೆ ಬರುತ್ತಿದ್ದಾಳೆ. ಆಗಲಿಂದ ಫೋನ್ ಮಾಡುತ್ತಿದ್ದೇನೆ, ಎತ್ತುತ್ತಿಲ್ಲ ನೀನು.

ದೊನ್ಕಾ

*

ರೂಸೆ
28 ಮಾರ್ಚ್

ವೆಲ್ಕೊ,

ಉತ್ತರವಿಲ್ಲ. ಡಬ್ಬ ತಲುಪಿದೆ, ನೀನೇ ಸಹಿ ಹಾಕಿ ತೆಗೆದುಕೊಂಡಿದ್ದೀಯ ಎಂದು ಅಂಚೆಯವರು ಹೇಳಿದರು.

ರೇಡಿಯೋದಲ್ಲಿ ಸುದ್ದಿ ಶುರುವಾದರೆ ಸ್ಟೌ ಆರಿಸಿ ಬಂದು ನಿಲ್ಲುತ್ತೇನೆ, ಬೆಟ್ಟದ ರೈಲು ಎಂದು ಏನಾದರೂ ಹೇಳುತ್ತಾರೇನೋ ಎಂದು. ಹವಾಮಾನ ಹೇಳಿ ಮುಗಿಸುತ್ತಾರೆ. ಉಸಿರು ಬಿಡುತ್ತೇನೆ. ಮತ್ತೆ ಸುದ್ದಿಯ ಹೊತ್ತಾಗುತ್ತದೆ.

ನಾನು ನಿಮ್ಮ ನಿಲ್ದಾಣದ ಮುಖ್ಯಸ್ಥರಿಗೆ ಫೋನ್ ಮಾಡಿ ಹೇಳಿಬಿಡಬಹುದು. ನಂಬರ್ ಹುಡುಕಿ ಇಟ್ಟುಕೊಂಡಿದ್ದೇನೆ. ಹೇಳಿದರೆ ನಿನ್ನ ಅನ್ನ ನಾನೇ ಕಸಿದ ಹಾಗೆ. ಹೇಳದಿದ್ದರೆ, ನಾಳೆ ಏನಾದರೂ ಆದರೆ, ನನ್ನ ಕೈಯಲ್ಲೂ ರಕ್ತ. ನನ್ನನ್ನು ಎಂಥ ಜಾಗದಲ್ಲಿ ನಿಲ್ಲಿಸಿದ್ದೀಯ ನೋಡು.

ಸೋಮವಾರದ ತನಕ ಕಾಯುತ್ತೇನೆ. ಆಮೇಲೆ ಫೋನ್ ಮಾಡುತ್ತೇನೆ. ನೀನು ಜನ್ಮದಲ್ಲಿ ನನ್ನ ಮುಖ ನೋಡದಿದ್ದರೂ ಸರಿ.

ದೊನ್ಕಾ

*

ರಜ್ಲೊಗ್
30 ಮಾರ್ಚ್

ದೊನ್ಕಕ್ಕಾ,

ಫೋನ್ ಮಾಡಬೇಡಿ. ನಾನೇ ಹೇಳಿ ಬಂದೆ.

ಎಲ್ಲವನ್ನೂ ಬರೆಯುತ್ತೇನೆ, ಬೈದುಕೊಂಡೇ ಓದಿ. ಡಬ್ಬ ಬಂದ ದಿನ ಅದನ್ನು ಬಿಚ್ಚಲಿಲ್ಲ. ಕಾಗದ ಓದಿ, ಮಡಚಿ, ಕೋಟಿನ ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಹೌದು, ಹೋದೆ. ಮಾರನೆಯ ದಿನವೂ ಹೋದೆ. ಎಂಜಿನ್ನಿನಲ್ಲಿ ಕೂತು ಕತ್ತನ್ನು ಎಡಕ್ಕೆ ತಿರುಗಿಸಿ, ಬಲಗಿವಿಯನ್ನು ಮುಂದಿನ ಕಿಟಕಿಯತ್ತ ಕೊಟ್ಟು ಓಡಿಸಿದೆ. ಹೀಗೆ ಕೂರುವುದು ಜನವರಿಯಿಂದ ಅಭ್ಯಾಸವಾಗಿದೆ. ಕತ್ತು ಹಿಡಿದುಕೊಂಡಿದೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಸೆವ್ದಾ ಪ್ರತಿದಿನ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು, ಪಾಪ.

ಗುರುವಾರ ಬೆಳಿಗ್ಗೆ ಹೊರಡುವ ಮುಂಚೆ ಬೊಯ್ಚೊ ಕೊಂಡಿ ಹಾಕಲು ಬಂದ. ಎಡಗಡೆ ಬರಲಿಲ್ಲ. ಸುತ್ತು ಹಾಕಿ, ಹಿಮ ತುಳಿದು, ಬಲಗಡೆಗೆ ಬಂದು ನಿಂತ. ತಲೆ ತಗ್ಗಿಸಿ ಕೊಂಡಿ ಹಾಕಿದ. ನನ್ನ ಮುಖ ನೋಡಲೂ ಇಲ್ಲ. ನಾವೆಲ್ಲ ಸೇರಿ ನಕ್ಕಿದ್ದೆವಲ್ಲ, ಆಗ ಅವನು ನಕ್ಕಿರಲಿಲ್ಲ ಎಂದು ನನಗೆ ಆಗ ಹೊಳೆಯಿತು. ಆ ದಿನ ರೈಲನ್ನು ಇನ್ನೊಬ್ಬರಿಗೆ ಬಿಟ್ಟು, ಹೊಟ್ಟೆನೋವು ಎಂದು ಮನೆಗೆ ಬಂದೆ.

ಸೆವ್ದಾ ಅಂಗಡಿಗೆ ಹೋಗಿದ್ದಳು. ಹೆಡ್‌ಫೋನು ಹಾಕಿಕೊಂಡೆ. ನೇರ ಹಾಕಿದಾಗ ಅಕ್ಕ ಬಾಗಿಲ ಆಚೆ, ತಂಗಿ ಪಕ್ಕದಲ್ಲಿ. ಆಮೇಲೆ ತಿರುಗಿಸಿದೆ. ಅಕ್ಕ ಬಲಗಿವಿಗೆ ಬಂದಳು, ದೊನ್ಕಕ್ಕಾ. ಎಷ್ಟು ಚೆನ್ನಾಗಿ ಬಂದಳು! ಮೂರು ತಿಂಗಳಿಂದ ಆಕೆಯ ಧ್ವನಿಯನ್ನೇ ಕೇಳಿರಲಿಲ್ಲ ನಾನು, ಅವಳ ಉಸಿರು, ಆ ಸಣ್ಣ ನಡುಕ, ಎಲ್ಲ ಇತ್ತು. ತಂಗಿ ಎಡಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಯಾರು ಎಡಕ್ಕೆ ಹೋದರೂ ಬಾಗಿಲು ಹಾಕಿಕೊಳ್ಳುತ್ತದೆ. ತಿರುಗಿಸಿ ಹಾಕಿಕೊಳ್ಳಲು ಗೊತ್ತಿಲ್ಲದವನಲ್ಲ ನಾನು. ಎಡಗಿವಿ ಹೋಗಿದೆ ಎಂದು ಹೊಸ ವರ್ಷದ ಮರುದಿನವೇ ಗೊತ್ತಿತ್ತು, ಅದಕ್ಕೇ ಹಾಕಿಕೊಂಡಿರಲಿಲ್ಲ. ಜ್ವರ ಬಿಟ್ಟ ಬೆಳಿಗ್ಗೆ ಎಡಗಿವಿಯಲ್ಲಿ ಒಂದು ಜೀರುಂಡೆ ಕೂತು ಜೀರ್ ಎನ್ನುತ್ತಿತ್ತು. ಇವತ್ತಿಗೂ ಎದ್ದು ಹೋಗಿಲ್ಲ.

ಇನ್ನೊಂದಿದೆ. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ನಿಮ್ಮ ಬಲಗಿವಿ ಹೋಗಿದೆ ಎಂದು ನೀವು ಅತ್ತು ಬರೆದ ಕಾಗದ ಬಂದಾಗ ನನಗೆ ಸಂತೋಷವಾಯಿತು. ಅವರದು, ನನ್ನದಲ್ಲ ಎಂದು. ಆ ದಿನ ಸಂಜೆಯವರೆಗೆ ಹಗುರವಾಗಿ ಓಡಾಡಿದೆ, ಶಿಳ್ಳೆ ಕೂಡ ಹಾಕಿದೆ. ಆಮೇಲೆ ಕೂತು ನಿಮಗೆ ಧೈರ್ಯ ಹೇಳಿ ಬರೆದೆ. ನನ್ನ ಕಿವಿ ನಿಮ್ಮದೇ ಎಂದುಕೊಳ್ಳಿ ಎಂದು ಬರೆದ ಕೈಯನ್ನು ನೋಡಿದರೆ ಈಗ ಅಸಹ್ಯವಾಗುತ್ತದೆ.

ನಿನ್ನೆ ಮುಖ್ಯಸ್ಥರ ಮುಂದೆ ನಿಂತು ಹೇಳಿದೆ. ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ‘ತಪಾಸಣೆ ಇನ್ನೂ ಬಂದಿಲ್ವಲ್ಲೋ, ಈಗ್ಲೇ ಯಾಕೆ ಹೇಳ್ತಿದೀಯ?’ ಎಂದರು. ‘ತಪಾಸಣೆ ಆಗೋಗಿದೆ’ ಎಂದೆ. ಸೆವ್ದಾಗೂ ಹೇಳಿದೆ. ಅವಳು ಅಳಲಿಲ್ಲ. ಊಟದ ಮೇಜಿನಲ್ಲಿ ತನ್ನ ಕುರ್ಚಿಯನ್ನು ಎತ್ತಿ ನನ್ನ ಬಲಗಡೆಗೆ ಇಟ್ಟುಕೊಂಡಳು.

ಸೋಮವಾರ ಕಿವಿಯ ವೈದ್ಯರ ಹತ್ತಿರ ಹೋಗುತ್ತೇವೆ. ಭಯವಾಗುತ್ತಿದೆ.

ವೆಲ್ಕೊ

*

ರಜ್ಲೊಗ್
9 ಏಪ್ರಿಲ್

ದೊನ್ಕಕ್ಕಾ,

ನೀವು ಉತ್ತರ ಬರೆದಿಲ್ಲ. ಬರೆಯಲೇಬೇಕೆಂದು ಕೇಳುವ ಮುಖವೂ ನನಗಿಲ್ಲ. ವಿಷಯ ತಿಳಿಸಲು ಮಾತ್ರ ಇದು.

ಬಲಗಿವಿ ಗಟ್ಟಿಮುಟ್ಟು. ಎಡಗಿವಿಯ ನರಕ್ಕೆ ಆ ಜ್ವರದಲ್ಲೇ ಪೆಟ್ಟು ಬಿದ್ದಿರಬೇಕಂತೆ. ‘ಆಗ್ಲೇ ಬಂದಿದ್ರೆ ಔಷಧಿ ಕೊಟ್ಟು ನೋಡಬಹುದಿತ್ತು, ಸ್ವಲ್ಪ ಬರ್ತಿತ್ತೋ ಏನೋ. ಇಷ್ಟು ದಿನ ಏನ್ ಮಾಡ್ತಿದ್ರಿ?’ ಎಂದರು ವೈದ್ಯೆ. ಹೆಡ್‌ಫೋನು ರಿಪೇರಿ ಮಾಡುತ್ತಿದ್ದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಸೆವ್ದಾ ವಿವರಿಸಲೂ ಇಲ್ಲ.

ಎಂಜಿನ್ ಹೋಯಿತು. ಟಿಕೆಟ್ ಕಿಟಕಿಯಲ್ಲಿ ಕೂರಿಸಿದ್ದಾರೆ. ಬೆಳಿಗ್ಗೆ ಮುದುಕಿ ಕೂಗಿ ಹೊರಟಾಗ ಎದ್ದು ನಿಲ್ಲುತ್ತೇನೆ, ಆಮೇಲೆ ಕೂರುತ್ತೇನೆ. ಬೊಯ್ಚೊ ಬಂದು ಕಿಟಕಿಯಲ್ಲಿ ತಲೆ ಹಾಕಿ, ‘ಒಂದು ಟಿಕೆಟ್ ಕೊಡಪ್ಪಾ, ಜೀವಂತ ಇರೋ ಮನುಷ್ಯನಿಗೆ’ ಎಂದ. ಈ ಸಲ ಅವನೇ ಮೊದಲು ನಕ್ಕ.

ಟೇಪಿನ ಪೆಟ್ಟಿಗೆಯನ್ನು ವಾಪಸ್ ತೆಗೆದುಕೊಳ್ಳಿ. ದಯವಿಟ್ಟು. ಅದೊಂದು ಆಗದಿದ್ದರೆ ನನಗೆ ಈ ಬಲಗಿವಿಯೂ ಇದ್ದು ಪ್ರಯೋಜನವಿಲ್ಲ.

ವೆಲ್ಕೊ

*

ರೂಸೆ
22 ಏಪ್ರಿಲ್

ವೆಲ್ಕೊ,

ನಿನ್ನ ಮೇಲೆ ಸಿಟ್ಟಿತ್ತು. ನೀನು ಕೆಲಸಕ್ಕೆ ಹೋದ ಆ ದಿನಗಳನ್ನು, ಬೊಯ್ಚೊ ಸುತ್ತು ಹಾಕಿ ಬಂದದ್ದನ್ನು ನೆನೆದರೆ ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಓಡಾಡುತ್ತೇನೆ. ಸಿಟ್ಟಿನಲ್ಲಿ ಬರೆದರೆ ನಾಲಿಗೆ ಉದ್ದವಾಗುತ್ತದೆ ಎಂದು ಸುಮ್ಮನಿದ್ದೆ. ನಿನಗೆ ಸಂತೋಷವಾಯಿತು ಎಂಬುದಕ್ಕೆ ಮಾತ್ರ ಸಿಟ್ಟಿಲ್ಲ. ತಿರುಗಿಸಿ ಹಾಕಿಕೊಂಡ ಮೇಲೆ ನನ್ನ ಕಿವಿ ನೆಟ್ಟಗಿದೆ ಎಂದು ಗೊತ್ತಾದಾಗ ನನಗೂ ಒಂದು ಕ್ಷಣ ಹಾಗೇ ಆಯಿತು. ನೀನು ಮತ್ತೆ ನೆನಪಾದದ್ದು ಅದಾದ ಮೇಲೆ. ಲೆಕ್ಕ ಸರಿಹೋಯಿತು.

ಪೆಟ್ಟಿಗೆ ವಾಪಸ್ ಬಂದಿದೆ. ಕಣ್ಣು ವಾಸಿಯಾಯಿತು ಎಂದೆ. ‘ಕಣ್ಣಿಗೇನಾಗಿತ್ತು ಮಹಾರಾಯ್ತಿ, ಪೆಟ್ಟಿಗೆ ನಾನು ಯಾರಿಗೂ ಕೊಟ್ಟೇ ಇರಲಿಲ್ಲ’ ಎಂದಳು ಕಾರ್ಯದರ್ಶಿ. ಕೊಕ್ಕರೆ ನದಿಯ ಮೇಲೆ ಬಂದು ಬಹಳ ದಿನವಾಗಿದೆ, ಗೋಳಿನಲ್ಲಿ ತಲೆಯೆತ್ತಿ ನೋಡಿದವಳು ಯಾರು. ನಿನ್ನೆ ಸೆವ್ದಾಳ ದಾರ ಬಿಚ್ಚಿ, ವಾಡಿಕೆಯಂತೆ, ಬೀದಿಯ ಚೆರ್ರಿ ಮರಕ್ಕೆ ಕಟ್ಟಿದೆ.

ಡಬ್ಬ ಕಳಿಸುತ್ತಿದ್ದೇನೆ. ನಮ್ಮ ಸಂತೆಯ ಮಾಲಿನದೇ ಇನ್ನೊಂದು ಜೋಡಿ, ಏಳನೆಯದು. ಒಳಗೆ ಏನು ಮಾಡಿದ್ದೇನೆಂದು ಹೇಳುವುದಿಲ್ಲ ಎಂದುಕೊಂಡಿದ್ದೆ, ತಡೆಯಲಾಗುತ್ತಿಲ್ಲ. ಎಡದ ತಂತಿಯನ್ನೂ ಬಲಕ್ಕೇ ತಂದು ಸೇರಿಸಿದ್ದೇನೆ. ಅಕ್ಕತಂಗಿ ಇಬ್ಬರೂ ಈಗ ಬಲ ಬಟ್ಟಲಿನಲ್ಲಿ ಇಕ್ಕಟ್ಟಾಗಿ ಕೂತಿದ್ದಾರೆ. ಮೊದಮೊದಲು ಒಬ್ಬರ ಮೇಲೊಬ್ಬರು ಬಿದ್ದು ಒಂದೇ ಗಂಟಲಿನ ಹಾಗೆ ಕೇಳಿಸುತ್ತಿದ್ದರು. ಹತ್ತಿ ಬದಲಾಯಿಸಿ, ಮೆತ್ತೆ ಬದಲಾಯಿಸಿ, ಹದಿನೈದು ದಿನ ಒದ್ದಾಡಿ ಇಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿದ್ದೇನೆ. ನಿನಗೂ ಹಾಗೇ ಕೇಳಿಸುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಎಡಗಿವಿಗೆ ಮೇಣ ತುರುಕಿಕೊಂಡು ಕೇಳಿದೆ, ಅದಕ್ಕಿಂತ ಹೆಚ್ಚು ನಿನ್ನ ಹತ್ತಿರ ಬರಲು ನನಗೆ ದಾರಿ ತಿಳಿಯಲಿಲ್ಲ.

ಎಡ ಬಟ್ಟಲು ಖಾಲಿ. ತಲೆಯ ಮೇಲೆ ನಿಲ್ಲಲಿ ಎಂದು ಬಿಟ್ಟಿದ್ದೇನೆ. ಅದನ್ನು ಇನ್ನು ಬಿಚ್ಚಬೇಡ.

ಕೊರತೆ ಇದ್ದರೆ ಬರೆ. ಕೊರತೆ ಕೇಳಿಸಿದವನ ಮಾತು ಕೊನೆಯದಲ್ಲ, ಮೊದಲನೆಯದು ಎಂದು ಪದ್ಧತಿ ತಿದ್ದಿದ್ದೇನೆ.

ಈಸ್ಟರ್ ದಿನ ಮಧ್ಯಾಹ್ನ ಫೋನ್ ಮಾಡುತ್ತೇನೆ. ಎತ್ತು. ಬಲಗಿವಿಗೆ ಇಟ್ಟುಕೋ.

ದೊನ್ಕಕ್ಕ